ಪರದೇಶವಾಸಿಯ ವಿಹಾರಕಥನ

ಕನ್ನಡದ ಪ್ರವಾಸಗ್ರಂಥಗಳಲ್ಲಿ ಒಂದು ಬಗೆಯ ಪುಟಗಳು ಮತ್ತೆ ಮತ್ತೆ ಬರುತ್ತವೆ. ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಹೊರನಾಡಿನಲ್ಲಿ ನೆಲಸಿರುವವನಿಗೆ ನಾಲ್ಕು ದಿನಗಳ ಬಿಡುವು ದೊರೆಯುತ್ತದೆ, ಗೆಳೆಯರು ಕೂಡುತ್ತಾರೆ, ಬೆಟ್ಟ, ಸರೋವರ, ಹುಲ್ಲುಗಾವಲುಗಳ ನಡುವೆ ಒಂದು ಸುತ್ತು ಹೋಗಿಬರುತ್ತಾರೆ. ಗ್ರಂಥದ ಉಳಿದ ಭಾಗದಲ್ಲಿ ವಿದ್ಯಾಲಯ, ವಸ್ತುಸಂಗ್ರಹಾಲಯ, ರಾಜಕೀಯ ಇವುಗಳ ವಿಚಾರ ಎಚ್ಚರದಿಂದ ಬಂದಿದ್ದರೆ ಇಲ್ಲಿ ಲೇಖಕ ಸ್ವಲ್ಪ ಮೈಮರೆತಿರುತ್ತಾನೆ. ಆದಕಾರಣ ಅವನ ಗದ್ಯದ ಬಲವೂ ಬಡತನವೂ ಇಲ್ಲಿಯೇ ಹೆಚ್ಚಾಗಿ ಹೊರಬೀಳುತ್ತವೆ. ಇಂಥ ಬರವಣಿಗೆಯನ್ನು ಪ್ರಕೃತ ಲೇಖನದಲ್ಲಿ ‘ವಿಹಾರಕಥನ’ವೆಂದು ಕರೆದಿದೆ. ಇದನ್ನು ಪ್ರವಾಸಸಾಹಿತ್ಯದ ದೊಡ್ಡ ರಾಶಿಯಿಂದ ಬೇರ್ಪಡಿಸಿ ನೋಡುವುದು ಅವಶ್ಯವೆಂದು ನಮ್ಮ ಅಭಿಪ್ರಾಯ.

‘ಪ್ರವಾಸ’ವೆಂಬ ಶಬ್ದವೇ ಇಲ್ಲಿ ವಿಚಾರಾರ್ಹವಾದುದು. ಇಂದು ಅದಕ್ಕೆ ಊರೂರು ತಿರುಗುವುದೆಂಬ ಅರ್ಥ ರೂಢಿಯಾಗಿದೆ. ಆದರೆ ಸಂಸ್ಕೃತದಲ್ಲಿ ಅದರ ಮೂಲಾರ್ಥ ಮನೆಯನ್ನು ಬಿಟ್ಟು ದೂರದಲ್ಲಿ ವಾಸಮಾಡುವುದು. ಆಲಂಕಾರಿಕರು ಹೇಳುವ ಪ್ರವಾಸವಿಪ್ರಲಂಭದಲ್ಲಿಯೂ, ಪ್ರೋಷಿತಭರ್ತೃಕೆಯೆಂಬ ನಾಯಿಕೆಯ ಹೆಸರಿನಲ್ಲಿಯೂ ಇರುವುದು ಈ ವಾಸದ ಅರ್ಥವೇ. ‘ಮೇಘದೂತ’ದ ಯಕ್ಷ ಪ್ರವಾಸಿಯಾದದ್ದು ರಾಮಗಿರಿಯಲ್ಲಿ ಶಾಪದ ಅವಧಿಯನ್ನು ಕಳೆಯಬೇಕಾಗಿ ಬಂದುದರಿಂದ, ಹಲವು ತಿಂಗಳು ಅಲ್ಲಿ ಕಳೆದ ಮೇಲೆಯೇ ಅವನ ಬಾಯಲ್ಲಿ ನದಿ, ಬೆಟ್ಟ, ಹಳ್ಳಿಗಳ ವರ್ಣನೆ ಹೊರಡುತ್ತದೆ. ನಮ್ಮ ಪಂಪನು ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದು 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದಾಗ, ತೀರ್ಥಯಾತ್ರೆಗೆ ಹೊರಟ ಅರ್ಜುನನಿಗೆ ಬನವಾಸಿಯನ್ನು ತೋರಿಸಿದನಷ್ಟೆ. ಆ ಪದ್ಯಗಳು ಬಾಳಿರುವುದು ಕಣ್ಣಿಗೆ ಕಂಡ ಚೆಲುವಿನಿಂದ ಮಾತ್ರವಲ್ಲ. ಗಾಳಿಯ ಸೋಂಕು, ಹೂವಿನ ಕಂಪು, ಕಿವಿಗೆ ಬಿದ್ದ ಹಾಡು ಇವೆಲ್ಲ ಅಲ್ಲಿ ಒಟ್ಟಿಗೆ ಬರುತ್ತವೆ. ಇವು ಒಂದು ಹಗಲು ಸುತ್ತಿಬಂದವನಿಗೆ ದಕ್ಕುವ ಅನುಭವಗಳಲ್ಲ. ಹೊರಗೆ ನೆಲಸುವಿಕೆಗೂ ನಿಸರ್ಗವರ್ಣನೆಗೂ ಇರುವ ಈ ನಂಟು ನಮ್ಮ ಪರಂಪರೆಯಲ್ಲಿ ಹಳೆಯದು.

ಇನ್ನು ಹೊಸ ಕಾಲದ ಗ್ರಂಥಗಳಿಗೆ ಬರೋಣ. ಮೊದಲು ಅವುಗಳ ಹೆಸರುಗಳನ್ನು ಒಂದೆಡೆ ಇಟ್ಟು ನೋಡಬೇಕು. ದಿನಕರ ದೇಸಾಯಿಯವರದು ‘ನಾ ಕಂಡ ಪಡುವಣ’, ಬಿ. ಜಿ. ಎಲ್. ಸ್ವಾಮಿಯವರದು ‘ಅಮೆರಿಕದಲ್ಲಿ ನಾನು’, ಕೃಷ್ಣಾನಂದ ಕಾಮತರದು ‘ನಾನೂ ಅಮೆರಿಕೆಗೆ ಹೋಗಿದ್ದೆ’ (1969), ಎ. ಎನ್. ಮೂರ್ತಿರಾಯರದು ‘ಅಪರವಯಸ್ಕನ ಅಮೆರಿಕಾ ಯಾತ್ರೆ’, ಗೊರೂರು ರಾಮಸ್ವಾಮಿ ಅಯ್ಯಂಗಾರರದು ‘ಅಮೆರಿಕಾದಲ್ಲಿ ಗೊರೂರು’, ಜಿ. ಎಸ್. ಶಿವರುದ್ರಪ್ಪನವರದು ‘ಅಮೆರಿಕದಲ್ಲಿ ಕನ್ನಡಿಗ’. ಎಲ್ಲವೂ ಏಕವಚನ. ಕಾಮತರ ‘ನಾನೂ’ ಎಂಬಲ್ಲಿಯ ಊಕಾರದಲ್ಲಿ ತಮ್ಮನ್ನು ತಾವೇ ನಗುವ ವಿನೋದವಿದೆ, ಆ ಕಾಲಕ್ಕೆ ಅಮೆರಿಕೆಗೆ ಹೋಗಿಬಂದವರ ಸಾಲಿನ ಬಗೆಗೆ ಒಂದು ಚುಚ್ಚೂ ಇದೆ. ಆದರೆ ಅದೂ ಒಬ್ಬನ ಮಾತೇ. ‘ನಾವು’ ಎಂದು ಆರಂಭವಾಗುವ ಹೆಸರು ಈ ಸಾಲಿನಲ್ಲಿಲ್ಲ. ಇದನ್ನು ಕೇವಲ ಪ್ರಕಾಶಕರ ಅಭಿರುಚಿಯೆಂದು ತಳ್ಳಿಹಾಕಲಾಗದು. ಕಡಲಾಚೆ ಹೋಗಿಬರುವುದು ಒಬ್ಬ ವ್ಯಕ್ತಿಯ ಸಾಧನೆಯೆಂದು ಎಣಿಸುತ್ತಿದ್ದ ಕಾಲದ ಛಾಯೆ ಹೆಸರಿನಲ್ಲಿ ನಿಂತಿತು. ಮೂರ್ತಿರಾಯರು, ಗೊರೂರರು ತಮ್ಮ ಗ್ರಂಥಗಳನ್ನು ಪ್ರಕಟಿಸಿದ 1979ರ ಹೊತ್ತಿಗೆ ಆ ಕಾಲ ಕಳೆಯುತ್ತ ಬಂದಿದ್ದರೂ ವ್ಯಾಕರಣ ಬದಲಾಗಲಿಲ್ಲ.

ಇದರ ಫಲ ವಿಹಾರಕಥನದ ಮೇಲೆ ನೇರವಾಗಿ ಆಗಿದೆ. ಹೊರಡುವಾಗ ಗೆಳೆಯರಿರುತ್ತಾರೆ, ಮೋಟಾರು ಯಾರದು, ಬುತ್ತಿ ಕಟ್ಟಿದವರಾರು ಎಂಬುದು ಒಂದೆರಡು ವಾಕ್ಯಗಳಲ್ಲಿ ಬರುತ್ತದೆ. ಸರೋವರದ ದಂಡೆ ಬಂದೊಡನೆ ಅವರೆಲ್ಲ ಮರೆಯಾಗಿ ಲೇಖಕನೊಬ್ಬನೇ ನೀರಿನ ಮುಂದೆ ನಿಲ್ಲುತ್ತಾನೆ. ಊಟದ ಹೊತ್ತಿಗೆ ಅವರು ಮತ್ತೆ ಹಾಜರಾಗುತ್ತಾರೆ! ‘ನಾವು’ ಎಂಬ ಪದ ಬಂದಾಗಲೂ ಅದರ ವ್ಯಾಪ್ತಿ ಸ್ಪಷ್ಟವಾಗದು. ನೆರೆಯ ತೆಲುಗಿನಲ್ಲಿ ‘ಮನಮು’ ಕೇಳುವವನನ್ನು ಒಳಗೊಳ್ಳುತ್ತದೆ, ‘ಮೇಮು’ ಅವನನ್ನು ಹೊರಗಿಡುತ್ತದೆ. ತುಳುವಿನಲ್ಲಿಯೂ ‘ನಮ’, ‘ಎಂಕುಳು’ ಎಂದು ಭೇದವುಂಟು. ಇಂದಿನ ಕನ್ನಡದಲ್ಲಿ ಆ ಭೇದವಿಲ್ಲ. ಆದ್ದರಿಂದ ಕನ್ನಡ ಪ್ರವಾಸಲೇಖಕನ ‘ನಾವು’ ಒಂದು ವಾಕ್ಯದಲ್ಲಿ ಮೂವರು ಗೆಳೆಯರು, ಮುಂದಿನದರಲ್ಲಿ ಸಮಸ್ತ ಭಾರತೀಯರು, ಅದರ ಮುಂದಿನದರಲ್ಲಿ ವಾಚಕನೂ ಲೇಖಕನೂ ಆಗಿಬಿಡಬಲ್ಲದು. ‘ನಾವು ಸ್ವಚ್ಛತೆಯನ್ನು ಕಲಿಯಬೇಕು’ ಎಂಬ ಜಾತಿಯ ವಾಕ್ಯ ವಿಹಾರದ ನಡುವೆ ಸುಲಭವಾಗಿ ನುಸುಳುವುದು ಈ ಸಡಿಲಿನಿಂದಲೇ. ಮೂವರು ಗೆಳೆಯರ ‘ನಾವು’ ಅಲ್ಲಿಗೆ ಮುಗಿದು ಉಪದೇಶದ ‘ನಾವು’ ತಲೆಯೆತ್ತುತ್ತದೆ.

ನೆಲಸಿದವನು, ನೋಡಬಂದವನು ಇವರಿಬ್ಬರಲ್ಲಿ ಯಾರ ಪುಟಗಳು ಮೇಲು ಎಂಬುದನ್ನು ಮೊದಲೇ ತೀರ್ಮಾನಿಸುವಂತಿಲ್ಲ. ಗೊರೂರರು ಹೇಮಾವತಿಯ ದಡದ ತಮ್ಮ ಊರನ್ನು ಜೊತೆಗೇ ಒಯ್ದವರು. ಅಮೆರಿಕದ ಯಾವ ವಸ್ತುವನ್ನು ಕಂಡರೂ ಅದಕ್ಕೆ ಹಳ್ಳಿಯ ಒಂದು ಅಳತೆಗೋಲು ಅವರಲ್ಲಿ ಸಿದ್ಧವಾಗಿರುತ್ತದೆ. ಆ ಗ್ರಂಥಕ್ಕೆ 1980ರಲ್ಲಿ ಸಾಹಿತ್ಯ ಅಕಾಡೆಮಿಯ ಮನ್ನಣೆ ದೊರೆತುದು ಯುಕ್ತವೇ. ಆದರೆ ಅವರದು ಅತಿಥಿಯ ಬಿಡುವು. ಪ್ರಯೋಗಾಲಯದಿಂದ ಎದ್ದು ಹೋದ ಸ್ವಾಮಿಯವರಿಗೆ, ಕೀಟಶಾಸ್ತ್ರದ ವಿದ್ಯಾರ್ಥಿಯಾಗಿದ್ದ ಕಾಮತರಿಗೆ ಬಿಡುವೆಂದರೆ ಒಂದು ಕೆಲಸದಿಂದ ಬಿಡುವು. ಶಿವರುದ್ರಪ್ಪನವರು ತಮ್ಮ ಇಂಗ್ಲೆಂಡ್ ವಾಸದ ಗ್ರಂಥವನ್ನು ‘ಇಂಗ್ಲೆಂಡಿನಲ್ಲಿ ಚತುರ್ಮಾಸ’ವೆಂದು ಕರೆದಿರುವುದು ಇಲ್ಲಿ ಸ್ಮರಣೀಯ. ಚಾತುರ್ಮಾಸ್ಯದಲ್ಲಿ ಸಂನ್ಯಾಸಿ ಸಂಚಾರವನ್ನು ನಿಲ್ಲಿಸಿ ಒಂದೆಡೆ ನಿಲ್ಲುತ್ತಾನಷ್ಟೆ. ಸಂಚಾರದ ಗ್ರಂಥಕ್ಕೆ ನಿಲುಗಡೆಯ ಹೆಸರನ್ನಿಟ್ಟ ಜಾಣ್ಮೆ ನಮ್ಮ ವಾದಕ್ಕೆ ಪೋಷಕವಾಗಿದೆ.

ವರ್ಣನೆಯ ವಿಷಯ ಇದಕ್ಕಿಂತ ತೊಡಕಿನದು. ನಮ್ಮ ಲೇಖಕರು ಪಡುವಣದ ಹಳ್ಳಿಗಾಡನ್ನು ಕಾಣುವ ಮುನ್ನವೇ ಓದಿದ್ದರು. 1926ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಬಂದ ಮೇಲಂತೂ ಆ ಕಾವ್ಯದ ನಿಸರ್ಗಪ್ರೀತಿ ಕನ್ನಡದ್ದೇ ಆಯಿತು. ವಿ. ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದಾಗ ಇಂಗ್ಲಿಷ್ ಅಧ್ಯಾಪಕರಾಗಿಯೇ ಹೋದರು. ‘ಸಮುದ್ರದಾಚೆಯಿಂದ’ವನ್ನು ಓದುವವರು ಇದನ್ನು ಮರೆಯಲಾಗದು. ಮೊದಲೇ ಓದಿದ್ದ ದೃಶ್ಯವನ್ನು ಕಣ್ಣಾರೆ ಕಾಣುವುದರಲ್ಲಿ ಗುರುತು ಹಿಡಿದ ಸಂತೋಷವಿದೆ. ಆ ಸಂತೋಷ ನಿಜವಾದದ್ದು, ಅದನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ತೊಂದರೆ ಇರುವುದು ಭಾಷೆಯಲ್ಲಿ. ಕಣ್ಣು ವರ್ಡ್ಸ್‌ವರ್ತನದಾದರೂ ಶಬ್ದಗಳು ಅಷ್ಟಾದಶವರ್ಣನೆಯ ಬೊಕ್ಕಸದಿಂದ ಬಂದವು: ರಮಣೀಯ, ನಯನಮನೋಹರ, ಹಚ್ಚಹಸುರಿನ ರತ್ನಗಂಬಳಿ. ಹಳೆಯ ಕವಿಗಳ ವನಕೇಳಿ ಜಲಕ್ರೀಡೆಗಳಲ್ಲಿ ಈ ಶಬ್ದಗಳ ಸುತ್ತ ಒಂದು ಪರಿವಾರವಾದರೂ ಇರುತ್ತಿತ್ತು. ಗದ್ಯಕ್ಕೆ ಬಂದಾಗ ಪರಿವಾರ ಹೋಯಿತು, ವಿಶೇಷಣ ಉಳಿಯಿತು.

ಕಾಣದೆ ಹೋದುದು ಏನು ಎಂಬುದಕ್ಕೆ ಇಂಗ್ಲೆಂಡಿನ ಸರೋವರಪ್ರಾಂತವನ್ನೇ ತೆಗೆದುಕೊಳ್ಳಬಹುದು. ಅಲ್ಲಿಯ ಬೋಳುಗುಡ್ಡಗಳ ಹಸುರು ಕುರಿಗಳು ತಲೆಮಾರುಗಟ್ಟಲೆ ಮೇಯ್ದುದರಿಂದ ಆದದ್ದು. ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಗಳು ರೈತರ ಹದ್ದುಗಳು. ಥರ್ಲ್‌ಮಿಯರ್ ಎಂಬ ಸುಂದರ ಸರೋವರ ಮ್ಯಾಂಚೆಸ್ಟರ್ ನಗರದ ಕುಡಿಯುವ ನೀರಿಗಾಗಿ ಎತ್ತರಿಸಿದ ಜಲಾಶಯ. 1894ರಲ್ಲಿ ಅಲ್ಲಿಂದ ನೀರು ನಗರವನ್ನು ಮುಟ್ಟಿತು. ವಿಂಡರ್‌ಮಿಯರಿಗೆ ರೈಲು ಬರುವುದನ್ನು 1844ರಲ್ಲಿ ವರ್ಡ್ಸ್‌ವರ್ತನೇ ವಿರೋಧಿಸಿದ. 1847ರಲ್ಲಿ ರೈಲು ಬಂದಿತು. ಕಾರ್ಖಾನೆಯ ಕೂಲಿಗಾರನಿಗೂ, ಮುಂದೆ ಮೈಸೂರು ಧಾರವಾಡಗಳ ವಿದ್ಯಾರ್ಥಿಗೂ ಆ ನೋಟ ಎಟುಕಿತು. ಡರ್ಬಿಷೈರಿನ ಕಿಂಡರ್ ಸ್ಕೌಟ್ ಬೆಟ್ಟವನ್ನು ಅಪ್ಪಣೆಯಿಲ್ಲದೆ ಏರಿದವರಲ್ಲಿ ಕೆಲವರು ಸೆರೆಮನೆಗೆ ಹೋದದ್ದು 1932ರಲ್ಲಿ, ಗೋಕಾಕರು ಇಂಗ್ಲೆಂಡನ್ನು ಕಾಣುವುದಕ್ಕೆ ಕೇವಲ ನಾಲ್ಕು ವರ್ಷ ಮುಂಚೆ. ರಾಷ್ಟ್ರೀಯ ಉದ್ಯಾನಗಳ ಕಾನೂನು ಆದದ್ದು 1949ರಲ್ಲಿ. ಸರೋವರಪ್ರಾಂತ ಅಂಥ ಉದ್ಯಾನವಾದದ್ದು 1951ರಲ್ಲಿ. ಗೆಳೆಯರ ಗುಂಪೊಂದು ಹೊಲಗಳ ನಡುವಣ ಕಾಲುದಾರಿಯಲ್ಲಿ ಯಾರ ತಡೆಯೂ ಇಲ್ಲದೆ ನಡೆದುಹೋಗುವುದು ಹೀಗೆ ಹೋರಾಟದಿಂದ ಬಂದ ಹಕ್ಕು. ವಿಹಾರಕ್ಕೆ ಹೋದವನು ಇದನ್ನೆಲ್ಲ ಏಕೆ ವಿಚಾರಿಸಬೇಕು ಎಂದು ಕೇಳಬಹುದು. ನಾಲ್ಕು ದಿನಕ್ಕೆ ಬಂದವನನ್ನು ನಾವೂ ಕೇಳುವುದಿಲ್ಲ. ಎರಡು ವರ್ಷ ಅಲ್ಲಿ ಬಾಳಿದವನನ್ನು ಕೇಳಬಹುದು.

ಈ ಪ್ರಶ್ನೆ ದೂರದ ಇಂಗ್ಲೆಂಡಿಗೆ ಮಾತ್ರ ಸಂಬಂಧಿಸಿದ್ದಲ್ಲ. ಪರದೇಶದಲ್ಲಿದ್ದವರು ಹಳ್ಳಿಗಾಡನ್ನು ನೋಟವಾಗಿ ಕಂಡ ಪ್ರಸಂಗ ನಮ್ಮ ನೆಲದಲ್ಲಿಯೂ ನಡೆದಿದೆ. ಆಗ ಪರದೇಶಿಗಳು ಅವರು. ಕಾರ್ನ್‌ವಾಲಿಸನ ಸೇನೆ 1791ರ ಡಿಸೆಂಬರಿನಲ್ಲಿ ಸಾವನದುರ್ಗವನ್ನು ಹಿಡಿಯಿತು. ಸೇನೆಯೊಡನೆ ಇದ್ದ ಚಿತ್ರಕಾರ ರಾಬರ್ಟ್ ಹೋಮ್ 1794ರಲ್ಲಿ ಲಂಡನ್ನಿನಲ್ಲಿ ಮೈಸೂರು ಸೀಮೆಯ ನೋಟಗಳ ಗ್ರಂಥವನ್ನು ಪ್ರಕಟಿಸಿದ. ರಕ್ತ ಹರಿದ ಬಂಡೆ ಅಲ್ಲಿ ರಮ್ಯ ದೃಶ್ಯವಾಯಿತು. ಕೆಲವು ವರ್ಷಗಳ ಮೇಲೆ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅದೇ ಮಾಗಡಿ ಸೀಮೆಗೆ ಬಂದ. ಅವನದು ಸರ್ಕಾರದ ಕೆಲಸ, ವಿಹಾರವಲ್ಲ. ಆಳುವವರ ಲಾಭವೇ ಅದರ ಗುರಿ. ಆದರೂ ಕಾಡಿನ ಮರಗಳ ಸ್ಥಳೀಯ ಹೆಸರು, ಬೆಳೆ, ಕಬ್ಬಿಣ ಕಾಯಿಸುವವರ ಕೆಲಸ ಇವನ್ನು ಕೇಳಿ ಬರೆದುಕೊಂಡ. ಇಂದು ಆ ಸೀಮೆಯ ಬಗೆಗೆ ಏನಾದರೂ ತಿಳಿಯಬೇಕಾದವನು ತೆರೆಯುವುದು 1807ರಲ್ಲಿ ಅಚ್ಚಾದ ಬುಕಾನನನ ಸಂಪುಟಗಳನ್ನು. ಹೋಮನ ಚಿತ್ರಗಳು ಗೋಡೆಗೆ ಒಪ್ಪುತ್ತವೆ.

ಬೆಂಗಳೂರಿನಿಂದ ಸಾವನದುರ್ಗಕ್ಕೆ ಹೋಗುವ ಮಾಗಡಿ ರಸ್ತೆಯ ಮಗ್ಗುಲಲ್ಲಿಯೇ ಹೇರೋಹಳ್ಳಿಯಿದೆ. ನಗರದ ಗೆಳೆಯರ ಗುಂಪುಗಳು ರಜೆಯ ದಿನ ದುರ್ಗಕ್ಕೋ ತಿಪ್ಪಗೊಂಡನಹಳ್ಳಿಯ ಜಲಾಶಯಕ್ಕೋ ಹೋಗುವಾಗ ಹಾದುಹೋಗುವ ಊರು. ಆ ಜಲಾಶಯವೂ ಥರ್ಲ್‌ಮಿಯರಿನಂತೆ ನಗರಕ್ಕೆ ನೀರು ಕೊಡಲೆಂದೇ 1933ರಲ್ಲಿ ಸಿದ್ಧವಾದದ್ದು ಎಂಬುದನ್ನು ಮರೆಯಬಾರದು. ಹೇರೋಹಳ್ಳಿ 2007ರಲ್ಲಿ ರಚಿತವಾದ ಬೃಹತ್ ಮಹಾನಗರಪಾಲಿಕೆಯ ಒಂದು ವಾರ್ಡಾಯಿತು. ಕೆರೆ ಉಳಿದಿದೆ, ಏರಿ, ತೂಬು, ಕೋಡಿ, ಅಚ್ಚುಕಟ್ಟು, ಗುಂಡುತೋಪು ಎಂಬ ಮಾತುಗಳಲ್ಲಿ ಕೆಲವಕ್ಕೆ ಮಾತ್ರ ಇನ್ನೂ ಹೊಂದುವ ವಸ್ತುವಿದೆ. ಗ್ರಾಸ್ಮಿಯರಿನ ಹುಲ್ಲನ್ನು ಬಣ್ಣಿಸಲು ಬಲ್ಲ ಕನ್ನಡ ಗದ್ಯ ಈ ಹನ್ನೆರಡು ಹರದಾರಿಯೊಳಗಿನ ರಾಗಿ ಹೊಲಗಳನ್ನು ಅವು ಇದ್ದಾಗ ಎಷ್ಟು ಬಣ್ಣಿಸಿತು? ವಿಹಾರಕಥನದ ದೋಷ ಕೇವಲ ಶೈಲಿಯ ದೋಷವಲ್ಲವೆಂದು ನಾವು ಹೇಳುವುದು ಇದಕ್ಕಾಗಿ. ದೂರದ್ದನ್ನು ಹೆಸರಿಲ್ಲದ ಹಸುರಾಗಿ ಕಂಡ ಕಣ್ಣು ಹತ್ತಿರದ್ದನ್ನೂ ಹಾಗೆಯೇ ಕಂಡಿತು.

ಬೇರೆ ದಾರಿ ಕನ್ನಡದಲ್ಲಿಯೇ ಉಂಟು. ಸ್ವಾಮಿಯವರು ಹಾರ್ವರ್ಡಿನಲ್ಲಿ ಬೇಯ್ಲಿಯವರೊಡನೆ ಸಂಶೋಧನೆ ಮಾಡಿ ಬಂದು, ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದರು. ಅದೂ ಒಂದು ಹೊರನಾಡವಾಸವೇ. ಅಲ್ಲಿಂದ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ದಕ್ಷಿಣದ ಬೆಟ್ಟಕಾಡುಗಳನ್ನು ಸುತ್ತಿದ ಅನುಭವ 1976ರಲ್ಲಿ ‘ಹಸುರು ಹೊನ್ನು’ ಆಯಿತು. ಇಲ್ಲಿ ಹಸುರೆಂಬುದು ಒಂದು ಬಣ್ಣವಾಗಿ ಉಳಿಯುವುದಿಲ್ಲ. ಒಂದೊಂದು ಗಿಡಕ್ಕೂ ಹೆಸರು, ಎಲೆಯ ಅಂಚು, ಉಪಯೋಗ, ಅದರ ಬಗೆಗಿನ ಕಥೆ, ಲೇಖಕರೇ ಬರೆದ ರೇಖಾಚಿತ್ರ. ಸಂಗಡಿಗರೂ ಮರೆಯಾಗುವುದಿಲ್ಲ. ಅವರ ಚೇಷ್ಟೆ, ಅಜ್ಞಾನ, ಹಸಿವು ಎಲ್ಲವೂ ಗಿಡದಷ್ಟೇ ಸ್ಪಷ್ಟ. ಗುಂಪಿನೊಡನೆ ಹೋದುದರಿಂದಲೇ ಸಸ್ಯ ಕಂಡಿತು ಎಂಬಂತೆ ನಿರೂಪಣೆ ಸಾಗುತ್ತದೆ. ಕೆಲವೆಡೆ ವಿನೋದ ಅತಿಯಾಯಿತೆಂದು ಹೇಳುವವರುಂಟು, ನಮಗೂ ಒಮ್ಮೊಮ್ಮೆ ಹಾಗೆನಿಸಿದೆ. ಆದರೆ ಸ್ವಾಮಿಯವರದೇ ‘ಅಮೆರಿಕದಲ್ಲಿ ನಾನು’ ಗ್ರಂಥದ ಹೆಸರನ್ನು ಇದರ ಪಕ್ಕದಲ್ಲಿಟ್ಟರೆ, ‘ನಾನು’ ಹೋಗಿ ‘ಹಸುರು’ ಬಂದಿರುವುದು ಕಾಣುತ್ತದೆ. ಇತ್ತೀಚಿನವರಲ್ಲಿ ನೇಮಿಚಂದ್ರರು ಗೆಳತಿಯೊಡನೆ ಕೈಗೊಂಡ ಪಯಣಗಳ ಕಥನದಲ್ಲಿ ಸಂಗಾತಿಯನ್ನು ಕೊನೆಯವರೆಗೂ ಉಳಿಸಿಕೊಂಡಿರುವುದು ಗಮನಾರ್ಹ. ಇಬ್ಬರು ಹೆಂಗಸರು ತಾವೇ ಹೊರಟಾಗ ಜೊತೆಯೆಂಬುದು ಅಲಂಕಾರವಾಗದೆ ಅಗತ್ಯವೇ ಆಗುವುದು ಇದಕ್ಕೆ ಕಾರಣವಿರಬಹುದು.

ಅಚ್ಚಾಗದ ವಿಹಾರಕಥನವೊಂದು ಇದೆ, ಅದರ ಕಡೆಗೆ ವಿಭಾಗದ ಸಂಶೋಧಕರು ಗಮನ ಕೊಡುವುದು ಒಳ್ಳೆಯದು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡ್ ಅಮೆರಿಕಗಳಲ್ಲಿ ನೆಲಸಿದ ವೈದ್ಯರು, ಎಂಜಿನಿಯರುಗಳು ತಂದೆತಾಯಿಗಳಿಗೆ ಬರೆದ ನೀಲಿ ಬಣ್ಣದ ವಿಮಾನಪತ್ರಗಳವು. ರಜೆಯಲ್ಲಿ ಎಲ್ಲಿಗೋ ಹೋದುದನ್ನು ಮಗ ಬರೆದರೆ, ತಾಯಿಯ ಮರುಪತ್ರದಲ್ಲಿ ಪ್ರಶ್ನೆಗಳು ಬರುತ್ತಿದ್ದವು: ಯಾರು ಯಾರು ಹೋಗಿದ್ದಿರಿ, ಮಧ್ಯಾಹ್ನಕ್ಕೆ ಏನು ತಿಂದಿರಿ, ಅಲ್ಲಿ ಹೊಲದಲ್ಲಿ ಏನು ಹಾಕಿದ್ದಾರೆ, ಅಷ್ಟು ಚಳಿಯಲ್ಲಿ ಹಸುಗಳನ್ನು ಎಲ್ಲಿ ಕಟ್ಟುತ್ತಾರೆ? ನೋಟಕ್ಕೆ ತೃಪ್ತಳಾಗದ ಆ ಓದುಗಳಿಗೆ ಉತ್ತರ ಕೊಡಬೇಕಾದ ಗದ್ಯದಲ್ಲಿ ‘ನಾವು’ ಯಾರೆಂಬುದನ್ನು ಬಿಡಿಸಿ ಹೇಳದೆ ವಿಧಿಯಿಲ್ಲ. ದೂರವಾಣಿ ಅಗ್ಗವಾದ ಮೇಲೆ ಆ ಪತ್ರಗಳು ನಿಂತವು; ಈಗ ಬರುವುದು ಛಾಯಾಚಿತ್ರ, ಅದಕ್ಕೆ ಮಾತು ಬೇಡ. ವಿಜಯನಗರ, ರಾಜಾಜಿನಗರಗಳ ಹಳೆಯ ಮನೆಗಳಲ್ಲಿ, ಹೇರೋಹಳ್ಳಿಯ ಸುತ್ತ ಆಮೇಲೆ ಎದ್ದ ಬಡಾವಣೆಗಳಲ್ಲಿ ಅಂಥ ಪತ್ರಗಳ ಕಟ್ಟು ಕಪಾಟಿನ ಮೇಲಣ ಅರೆಯಲ್ಲಿ ಇನ್ನೂ ಇರುವುದುಂಟು. ಮುದುಕರು ತೀರಿಕೊಂಡು ಮನೆ ಕೈಬದಲಾಗುವಾಗ ಅವು ಹಳೆಯ ಪತ್ರಿಕೆಗಳೊಡನೆ ತೂಕಕ್ಕೆ ಹೋಗುತ್ತಿವೆ.