ಕತೆಯ ಕೊನೆ ಯಾರ ಕೈಯಲ್ಲಿ?

ಕನ್ನಡ ವೃತ್ತಿರಂಗಭೂಮಿಯ ಚರಿತ್ರೆ ಬರೆಯುವವರು ಗದುಗಿಗೆ ಬರದೆ ಮುಂದೆ ಹೋಗುವಂತಿಲ್ಲ. ಮರಾಠಿ ನಾಟಕ ಕಂಪನಿಗಳು ಈ ಸೀಮೆಯ ರಂಗವನ್ನು ಆಳುತ್ತಿದ್ದ 1870ರ ದಶಕದಲ್ಲಿ, ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು (1856–1920) ‘ಉಷಾಹರಣ’ ಬರೆದರು. ವೀರನಾರಾಯಣನ ಹೆಸರು ಹೊತ್ತ ಕೃತಪುರ ನಾಟಕ ಮಂಡಳಿ ಅದನ್ನು ಆಡಿತು. ಮರಾಠಿಗೆ ಕನ್ನಡ ಕೊಟ್ಟ ಉತ್ತರವೆಂದು ಈ ನಾಟಕವನ್ನು ನೆನೆಯುವುದು ರೂಢಿ. ಅದು ಆರಿಸಿಕೊಂಡ ಕತೆಯ ಕಡೆ ನಮ್ಮ ಗಮನ ಹೋದದ್ದು ಕಡಿಮೆ.

ಬಾಣಾಸುರನ ಮಗಳು ಉಷೆ ಕನಸಿನಲ್ಲಿ ಒಬ್ಬ ತರುಣನನ್ನು ಕಾಣುತ್ತಾಳೆ. ಅವನು ಯಾರೆಂದು ಅವಳಿಗೆ ಗೊತ್ತಿಲ್ಲ. ಗೆಳತಿ ಚಿತ್ರಲೇಖೆ ದೇವತೆ, ಗಂಧರ್ವ, ಮನುಷ್ಯ ಎನ್ನದೆ ತರುಣರ ಚಿತ್ರಗಳನ್ನು ಬರೆದು ಒಂದೊಂದಾಗಿ ತೋರಿಸುತ್ತ ಹೋಗುತ್ತಾಳೆ. ಅನಿರುದ್ಧನ ಚಿತ್ರ ಬಂದಾಗ ಉಷೆ ನಾಚುತ್ತಾಳೆ. ಗುರುತು ಸಿಕ್ಕಿತೆಂದು ಚಿತ್ರಲೇಖೆ ಆಕಾಶಮಾರ್ಗದಲ್ಲಿ ದ್ವಾರಕೆಗೆ ಹೋಗಿ, ನಿದ್ದೆಯಲ್ಲಿದ್ದ ಅವನನ್ನು ಎತ್ತಿಕೊಂಡು ಬರುತ್ತಾಳೆ. ಬಯಸಿದವಳು ಒಬ್ಬ ಹುಡುಗಿ, ಹುಡುಕಿದವಳು ಇನ್ನೊಬ್ಬಳು, ಅಪಹರಣವಾದವನು ಹುಡುಗ. ಹದಿಹರೆಯದವರಿಗಾಗಿ ಇಂದು ಇಂಗ್ಲಿಷಿನಲ್ಲಿ ಬರುವ ಫ್ಯಾಂಟಸಿ ಕಾದಂಬರಿಗಳ ಪ್ರಕಾಶಕರು ಇಂಥ ಹಸ್ತಪ್ರತಿ ಸಿಕ್ಕರೆ ಬಿಡಲಿಕ್ಕಿಲ್ಲ.

ಆದರೆ ಕತೆಯ ಉತ್ತರಾರ್ಧ ಬೇರೆಯೇ ದಾರಿ ಹಿಡಿಯುತ್ತದೆ. ಬಾಣನಿಗೆ ಸುದ್ದಿ ಮುಟ್ಟುತ್ತದೆ, ಅನಿರುದ್ಧ ಸೆರೆಯಾಗುತ್ತಾನೆ, ಕೃಷ್ಣ ದಂಡೆತ್ತಿ ಬರುತ್ತಾನೆ, ಶಿವ ತನ್ನ ಭಕ್ತನ ಪಕ್ಷ ವಹಿಸುತ್ತಾನೆ, ಬಾಣನ ತೋಳುಗಳು ಉರುಳುತ್ತವೆ. ಹರಿ ಹರರು ರಾಜಿಯಾದ ಮೇಲೆ ಮದುವೆ. ಇಷ್ಟಕ್ಕೆಲ್ಲ ಕಾರಣಳಾದ ಚಿತ್ರಲೇಖೆ ಅಷ್ಟರಲ್ಲಿ ಕತೆಯಿಂದಲೇ ಜಾರಿಹೋಗಿರುತ್ತಾಳೆ. ಈ ಒಂದು ಕತೆಯ ಏರಿಳಿತದಲ್ಲಿ ನಮ್ಮ ಮರುಕಥನ ಪರಂಪರೆಯ ಬಲವೂ ಇದೆ, ದೌರ್ಬಲ್ಯವೂ ಇದೆ. ಗಟ್ಟಿ ಹೆಣ್ಣು ನಮ್ಮ ಕತೆಗಳಿಗೆ ಹೊಸಬಳಲ್ಲ. ನಡುಗತೆಯಲ್ಲಿ ಅವಳದೇ ಆಳಿಕೆ, ಕೊನೆ ಮಾತ್ರ ಬೇರೆಯವರ ಕೈಯಲ್ಲಿ.

ಹೊರಗಿನ ಪರಂಪರೆಯನ್ನು ಒಮ್ಮೆ ನೋಡಿಕೊಂಡು ಬರಬಹುದು. ರಾಬಿನ್ ಮೆಕಿನ್ಲಿಯ ‘ಬ್ಯೂಟಿ’ (1978) ಹಳೆಯ ಕಿನ್ನರಕತೆಯೊಂದನ್ನು ಓದುಗುಳಿ ಹುಡುಗಿಯೊಬ್ಬಳ ಬಾಯಿಂದ ಹೇಳಿಸಿತು. ಗೇಲ್ ಕಾರ್ಸನ್ ಲೆವಿನ್ ‘ಎಲ್ಲಾ ಎಂಚಾಂಟೆಡ್’ನಲ್ಲಿ (1997) ಸಿಂಡ್ರೆಲಾಳ ವಿಧೇಯತೆಯನ್ನೇ ಒಂದು ಶಾಪವನ್ನಾಗಿ ಮಾಡಿದರು. ಯಾರು ಏನು ಹೇಳಿದರೂ ಕೇಳಲೇಬೇಕಾದ ಹುಡುಗಿ ಕೊನೆಗೆ ತಾನೇ ಒಲ್ಲೆನೆಂದು ಶಾಪ ಕಳಚುತ್ತಾಳೆ. ರೋಶನಿ ಚೋಕ್ಷಿಯ ‘ಅರು ಷಾ’ ಸರಣಿ (2018ರಿಂದ) ಪಾಂಡವರ ಆತ್ಮಗಳನ್ನು ಇಂದಿನ ಹುಡುಗಿಯರಲ್ಲಿ ಹುಟ್ಟಿಸುತ್ತದೆ. ಈ ಪಂಥದ ದೊಡ್ಡ ಸಾಧನೆಯೆಂದರೆ ಕತೆಯ ತಿರುವುಗಳನ್ನು ನಾಯಕಿಯ ತೀರ್ಮಾನಕ್ಕೆ ಕಟ್ಟಿಹಾಕಿದ್ದು. ದೋಷವೂ ಇದೆ. ಮಾರುಕಟ್ಟೆ ಬೆಳೆದಂತೆ ಗಟ್ಟಿತನವೆಂದರೆ ಕತ್ತಿವರಸೆ, ಚುರುಕು ಮಾತು, ಇಬ್ಬರು ಹುಡುಗರ ನಡುವಿನ ಆಯ್ಕೆ ಎಂಬ ಅಚ್ಚು ತಯಾರಾಯಿತು. ಯಾವ ನಾಡಿನ ಪುರಾಣವಾದರೂ ಆ ಅಚ್ಚಿಗೆ ಹೊದಿಸುವ ಬಟ್ಟೆಯಾಗಿಬಿಡುತ್ತದೆ.

ನಮ್ಮ ಸೀಮೆ ಮರುಕಥನಕ್ಕೆ ಹಳಬ. ಇಂದಿನ ಲಕ್ಷ್ಮೇಶ್ವರವೇ ಅಂದಿನ ಪುಲಿಗೆರೆ. ಕನ್ನಡದ ತಿರುಳಿರುವ ಊರುಗಳಲ್ಲಿ ‘ಕವಿರಾಜಮಾರ್ಗ’ ಅದನ್ನೂ ಎಣಿಸಿತು, ಪಂಪ ತನ್ನ ಕಾವ್ಯದ ಭಾಷೆಯನ್ನು ಆ ಊರಿಗೇ ಋಣವಾಗಿಸಿದ. ಅವನ ‘ವಿಕ್ರಮಾರ್ಜುನ ವಿಜಯ’ (941) ಎದೆಗಾರಿಕೆಯ ಮರುಕಥನ. ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಂದಿಗೆ ಬೆಸೆಯುವ ಸಲುವಾಗಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದ. ಐವರ ಹಂಗು ಕಳಚಿದ ದ್ರೌಪದಿಗೆ ಇನ್ನು ತುಂಬು ಬಾಳು ಸಿಗಬೇಕಿತ್ತು. ಆದರೆ ಯುದ್ಧ ಮುಗಿದು ಪಟ್ಟಾಭಿಷೇಕದ ಹೊತ್ತಿಗೆ ಅರ್ಜುನನ ಪಕ್ಕ ಕೂರುವವಳು ಸುಭದ್ರೆ. ಮುಡಿ ಹಿಡಿದೆಳೆಸಿಕೊಂಡು ಅವಮಾನ ಉಂಡವಳಿಗೆ ಸಿಂಹಾಸನವಿಲ್ಲ. ಕೊನೆಯನ್ನು ನಿರ್ಧರಿಸಿದ್ದು ಅರಮನೆಯ ಅಗತ್ಯ.

ಐದು ಶತಮಾನಗಳ ಬಳಿಕ ಗದುಗಿನ ನಾರಣಪ್ಪ ಅದೇ ದ್ರೌಪದಿಯನ್ನು ಬೇರೆ ಎತ್ತರಕ್ಕೆ ಒಯ್ದ. ಕುಮಾರವ್ಯಾಸನ ವಿರಾಟಪರ್ವವನ್ನು ಮಳೆ ಬರಲೆಂದು ಊರೂರಲ್ಲಿ ಓದಿಸುತ್ತಿದ್ದರು. ಆ ಪರ್ವದ ನಿಜವಾದ ಕಸುವು ಅರ್ಜುನನ ಗೋಗ್ರಹಣಕ್ಕಿಂತ ಸೈರಂಧ್ರಿಯ ರಾತ್ರಿಯಲ್ಲಿದೆ. ಕೀಚಕನ ಕಾಟವನ್ನು ಅರಸನ ಓಲಗದಲ್ಲಿ ಹೇಳಿಕೊಂಡು ನ್ಯಾಯ ಸಿಗದೆ ಮರಳಿದವಳು ಐವರು ಗಂಡಂದಿರನ್ನು ಮನಸ್ಸಿನಲ್ಲೇ ತೂಗಿ, ಯಾರಿಂದ ಕೆಲಸವಾದೀತು ಎಂದು ಲೆಕ್ಕ ಹಾಕಿ, ನಡುರಾತ್ರಿ ಅಡುಗೆಮನೆಗೆ ನಡೆದು ಭೀಮನನ್ನು ಎಬ್ಬಿಸುತ್ತಾಳೆ. ಅವಳ ಆಯುಧ ಮಾತು. ಭೀಮ ಹಿಂಜರಿದಾಗ ಅವಳು ಆಡುವ ಮಾತಿನ ಮುಂದೆ ಅವನ ಗದೆ ಹಗುರಾಗುತ್ತದೆ. ಇಡೀ ಕಥಾಭಾಗ ಅವಳ ಇಚ್ಛೆಯ ಮೇಲೆ ಸಾಗುತ್ತದೆ. ಹದಿಹರೆಯದ ನಾಯಕಿಯರಿಗೆ ಬಿಲ್ಲು ಕೊಟ್ಟು ಕೈತೊಳೆದುಕೊಳ್ಳುವ ಲೇಖಕರು ಕಲಿಯಬೇಕಾದ ವಿದ್ಯೆ ಇದು: ಬಲವಿಲ್ಲದವಳು ಬಲವಿದ್ದವರನ್ನು ನಡೆಸುವುದು ಹೇಗೆ ಎಂಬುದು.

ಆದರೂ ‘ಗದುಗಿನ ಭಾರತ’ ದ್ರೌಪದಿಯ ಕತೆಯಲ್ಲ. ತಾನು ಹೇಳುತ್ತಿರುವುದು ಕೃಷ್ಣನ ಕತೆಯೆಂದು ಕವಿಯೇ ಮೊದಲಲ್ಲಿ ಸಾರಿದ್ದಾನೆ. ಹತ್ತನೆಯದಾದ ಗದಾಪರ್ವಕ್ಕೆ ಅವನ ಕಾವ್ಯ ನಿಲ್ಲುತ್ತದೆ. ಸಂಸ್ಕೃತದಲ್ಲಿ ಹೆಂಗಸರ ಅಳಲಿಗೂ ಗಾಂಧಾರಿಯ ಶಾಪಕ್ಕೂ ಮೀಸಲಾದ ಸ್ತ್ರೀಪರ್ವವೆಂಬ ಪ್ರತ್ಯೇಕ ಪರ್ವವಿದೆ. ಗದುಗಿನವನ ಯೋಜನೆಯಲ್ಲಿ ಅದಕ್ಕೆ ಅದರದೇ ಮನೆ ಇಲ್ಲ. ಕುಮಾರವ್ಯಾಸನ ಪ್ರತಿಭೆಗೆ ಇದರಿಂದ ಕುಂದೇನೂ ಇಲ್ಲ. ಅವನಂಥವನ ಕಾವ್ಯದಲ್ಲೂ ಹೆಣ್ಣಿನ ದನಿ ಯಾವ ಹಂತದವರೆಗೆ ಸಾಗುತ್ತದೆ ಎಂಬುದು ಮಾತ್ರ ಇಲ್ಲಿ ಕಾಣುತ್ತದೆ.

ಜೈನ ಪರಂಪರೆ ಒಂದು ಹೆಜ್ಜೆ ಮುಂದೆ ಹೋಯಿತು. ಗದುಗಿಗೆ ಹತ್ತಿರದ ಮುಳಗುಂದದಲ್ಲಿ ನಯಸೇನ 1112ರಲ್ಲಿ ‘ಧರ್ಮಾಮೃತ’ ಬರೆದ. ಕನ್ನಡ ಕಾವ್ಯದಲ್ಲಿ ಬೇಡದ ಸಂಸ್ಕೃತ ತುರುಕುವವರನ್ನು ಗೇಲಿ ಮಾಡಿದ ಕವಿ ಅವನು. ಜೈನ ಕತೆಗಾರರು ಮತ್ತೆ ಮತ್ತೆ ಹೇಳಿರುವ ಅನಂತಮತಿಯ ಕತೆ ಈ ಪರಂಪರೆಯದು. ಎಳೆಯ ಹುಡುಗಿಗೆ ತಂದೆ ಲೀಲೆಗೆಂಬಂತೆ ಬ್ರಹ್ಮಚರ್ಯದ ವ್ರತ ಕೊಡಿಸುತ್ತಾನೆ. ಮದುವೆಯ ವಯಸ್ಸು ಬಂದಾಗ, ಅದು ಆಟವೆಂದು ನೀನು ತಿಳಿದಿರಬಹುದು, ನಾನು ಹಾಗೆ ತಿಳಿದಿರಲಿಲ್ಲ ಎಂದು ಅವಳು ನಿಲ್ಲುತ್ತಾಳೆ. ಬಾನಲ್ಲಿ ಹಾರುವ ವಿದ್ಯಾಧರನೊಬ್ಬ ಅವಳನ್ನು ಹೊತ್ತೊಯ್ದು, ಹೆಂಡತಿಗೆ ಹೆದರಿ ನಡುಗಾಡಿನಲ್ಲಿ ಇಳಿಸಿಬಿಡುತ್ತಾನೆ. ಬೇಡರ ಒಡೆಯ, ವ್ಯಾಪಾರಿ, ವೇಶ್ಯೆ, ಅರಸ ಹೀಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಿದ್ದರೂ ಅವಳ ನಿಲುವು ಕದಲುವುದಿಲ್ಲ. ದೇವತೆಗಳು ಬೆಂಬಲಕ್ಕೆ ಬರುತ್ತಾರೆ. ಕೊನೆಗೆ ತಂದೆ ಸಿಕ್ಕಿ ಮನೆಗೆ ಕರೆದಾಗಲೂ ಅವಳು ದೀಕ್ಷೆಯ ದಾರಿಯನ್ನೇ ಹಿಡಿಯುತ್ತಾಳೆ.

ಕೊನೆ ನಾಯಕಿಯ ಕೈಯಲ್ಲೇ ಉಳಿದ ಕತೆ ಇದು. ಅದಕ್ಕೆ ಅವಳು ತೆತ್ತ ಬೆಲೆಯೂ ಕಾಣಬೇಕು. ತನ್ನ ಬಾಳು ತನ್ನದಾಗಬೇಕಾದರೆ ಲೋಕವನ್ನೇ ಬಿಡಬೇಕು. ಮದುವೆ ಮತ್ತು ಸನ್ಯಾಸ, ಈ ಎರಡು ಬಾಗಿಲುಗಳ ಹೊರಗೆ ಮೂರನೆಯದೊಂದನ್ನು ಧರ್ಮಕತೆ ಕಲ್ಪಿಸಿಕೊಳ್ಳಲಿಲ್ಲ. ಕೌಶಿಕನ ಅರಮನೆಯಿಂದ ಹೊರಟ ಅಕ್ಕಮಹಾದೇವಿಯ ಕತೆಗೂ ಇದೇ ಹಾದಿ.

ಎದುರಿನ ಉದಾಹರಣೆ ಲಕ್ಷ್ಮೇಶ್ವರದಲ್ಲೇ ಸಿಗುತ್ತದೆ. ಹರಿಹರನ ‘ಆದಯ್ಯನ ರಗಳೆ’, ರಾಘವಾಂಕನ ‘ಸೋಮನಾಥ ಚಾರಿತ್ರ’ ಎರಡೂ ಪುಲಿಗೆರೆಯ ಸೋಮೇಶ್ವರನ ಕತೆ. ಸೌರಾಷ್ಟ್ರದಿಂದ ಬಂದ ಶೈವ ವ್ಯಾಪಾರಿ ಆದಯ್ಯ, ಜೈನ ಪಾರಿಸಸೆಟ್ಟಿಯ ಮಗಳು ಪದ್ಮಾವತಿಯನ್ನು ಒಲಿಯುತ್ತಾನೆ. ಒಲವು ಮದುವೆಯಾಗುತ್ತದೆ, ಮದುವೆ ಜಗಳವಾಗುತ್ತದೆ, ಜಗಳ ಪಂಥವಾಗುತ್ತದೆ. ಆದಯ್ಯ ಸೋಮನಾಥನನ್ನು ತಂದು ಬಸದಿಯಲ್ಲಿ ನಿಲ್ಲಿಸುವಲ್ಲಿಗೆ ಕತೆ ಮುಟ್ಟುತ್ತದೆ. ತವರಿನ ದೇವರು ಒಂದು ಕಡೆ, ಗಂಡನ ದೇವರು ಇನ್ನೊಂದು ಕಡೆ. ನಡುವೆ ನಿಂತ ಪದ್ಮಾವತಿಯ ಮನಸ್ಸಿನಲ್ಲಿ ಏನಾಯಿತು? ಭಕ್ತಿಯ ಗೆಲುವನ್ನು ಹಾಡಲು ಹೊರಟ ಕವಿಗಳಿಗೆ ಅದು ಮುಖ್ಯವೆನಿಸಲಿಲ್ಲ. ಎರಡು ಮತಗಳ ಜಗಳವನ್ನು ಮನೆಯೊಳಗೆ ಹೊತ್ತ ಆ ಹುಡುಗಿಯ ಕಡೆಯಿಂದ ಯಾರಾದರೂ ಬರೆದರೆ, ಲಕ್ಷ್ಮೇಶ್ವರಕ್ಕೆ ಅದರದೇ ದೊಡ್ಡ ಕಾದಂಬರಿ ಸಿಕ್ಕೀತು. ಅಲ್ಲಿ ಯಾರನ್ನೂ ಗೆಲ್ಲಿಸದೆ ಬರೆಯುವ ಧೈರ್ಯ ಬೇಕು, ಅಷ್ಟೆ.

ಲಕ್ಷ್ಮೀಶನ ‘ಜೈಮಿನಿ ಭಾರತ’ ಈ ಸೀಮೆಯದಲ್ಲ, ಆದರೆ ಕನ್ನಡನಾಡಿನ ಉದ್ದಗಲಕ್ಕೂ ಓದಿಸಿಕೊಂಡ ಕಾವ್ಯ. ಫ್ಯಾಂಟಸಿ ನಾಯಕಿಯರ ಗಣಿ ಅದು. ಹೆಣ್ಣುಗಳದೇ ನಾಡಿನ ಒಡತಿ ಪ್ರಮೀಳೆ ಅಶ್ವಮೇಧದ ಕುದುರೆ ಕಟ್ಟುತ್ತಾಳೆ. ಅರ್ಜುನ ಮದುವೆಗೆ ಒಪ್ಪಿದೊಡನೆ ರಾಜ್ಯ ಬಿಟ್ಟು ಹಸ್ತಿನಾವತಿಯ ದಾರಿ ಹಿಡಿಯುತ್ತಾಳೆ. ಅವಳಿಗಿಂತ ಜ್ವಾಲೆ ದೊಡ್ಡವಳು. ಗಂಡ ನೀಲಧ್ವಜ ಅರ್ಜುನನಿಗೆ ಸೋತು ಶರಣಾದಾಗ ಅವಳೊಬ್ಬಳೇ ಮನೆ ಬಿಡುತ್ತಾಳೆ. ಅಣ್ಣನೂ ಕೈಕೊಡುತ್ತಾನೆ. ಮಗ ಭೀಷ್ಮನನ್ನು ಕೊಂದವನು ಅರ್ಜುನನೆಂದು ನೆನಪಿಸಿ ಗಂಗೆಯನ್ನೇ ಕೆರಳಿಸುತ್ತಾಳೆ. ಮಗನ ಕೈಯಿಂದಲೇ ಅರ್ಜುನ ಸಾಯಲಿ ಎಂಬ ಶಾಪ ಹುಟ್ಟುತ್ತದೆ. ಜ್ವಾಲೆ ತಾನು ಬೆಂಕಿಗೆ ಹಾರಿ ಬಾಣವಾಗಿ ಆ ಮಗ ಬಭ್ರುವಾಹನನ ಬತ್ತಳಿಕೆ ಸೇರುತ್ತಾಳೆ. ಎಷ್ಟು ಭಯಾನಕ ಚೆಲುವಿನ ಕಲ್ಪನೆ! ಆದರೆ ಸತ್ತ ಅರ್ಜುನ ಮತ್ತೆ ಏಳುತ್ತಾನೆ, ಕುದುರೆ ಮುಂದೆ ಸಾಗುತ್ತದೆ. ಅಷ್ಟು ಸಿಟ್ಟು ಹೊತ್ತ ಹೆಣ್ಣು ಯಾಗದ ದಾರಿಯ ಒಂದು ತೊಡಕಾಗಿ ಮಾತ್ರ ಉಳಿಯುತ್ತಾಳೆ.

ಈ ಕತೆಗಳು ಜನರಿಗೆ ಮುಟ್ಟಿದ್ದು ಪುಸ್ತಕಕ್ಕಿಂತ ಹೆಚ್ಚಾಗಿ ದನಿಯ ಮೂಲಕ. ಶಿರಹಟ್ಟಿ, ಮುಂಡರಗಿಯ ಮಠಗಳಲ್ಲೂ ಹಳ್ಳಿಯ ಗುಡಿಗಳಲ್ಲೂ ಶ್ರಾವಣದಲ್ಲಿ ಪುರಾಣ ಹಚ್ಚುತ್ತಾರೆ. ಹೆಂಗಸರು ತುಂಬಿ ಕೂತು ಕೇಳುತ್ತಾರೆ. ಗದುಗಿನ ಮುದ್ರಣಾಲಯಗಳೂ ಶಾಬಾದಿಮಠ ಬುಕ್ ಡಿಪೋದಂಥ ಅಂಗಡಿಗಳೂ ಪುರಾಣ, ಬಯಲಾಟ, ನಾಟಕಗಳ ಪುಸ್ತಕಗಳನ್ನು ಊರೂರಿಗೆ ಮುಟ್ಟಿಸಿದವು. ಆದರೆ ಹೇಳುವವರು ಬಹುತೇಕ ಗಂಡಸರು. ದೊಡ್ಡಾಟದಲ್ಲಿ ದ್ರೌಪದಿಯ ಸೀರೆ ಉಟ್ಟವರೂ ಬಹುಕಾಲ ಗಂಡಸರೇ. ಕೇಳುಗರು ಹೆಂಗಸರು, ಹೇಳುವವರು ಗಂಡಸರು ಎಂಬ ಈ ಹಂಚಿಕೆಗೂ ಕತೆಯ ಕೊನೆಗಳಿಗೂ ನಂಟಿಲ್ಲ ಎನ್ನಲಾಗದು.

ಹೆಂಗಸರೇ ಹೇಳಿಕೊಂಡ ಕಡೆ ಕತೆಯ ಬಣ್ಣ ಬದಲಾಗುತ್ತದೆ. ಬೆಳಗಾವಿಯಲ್ಲಿ ಪಾಠ ಹೇಳುತ್ತಿದ್ದ ದಿನಗಳಿಂದ ಎ.ಕೆ. ರಾಮಾನುಜನ್ ಕೂಡಿಹಾಕಿದ ಅಜ್ಜಿಕತೆಗಳು ಇದಕ್ಕೆ ಸಾಕ್ಷಿ. ಹೂವಿನ ಗಿಡವಾಗುವ ಹುಡುಗಿಯ ಕತೆಯಲ್ಲಿ ಅವಳ ಮಾಟ ಅವಳದೇ ದೇಹ. ಒರಟಾಗಿ ಕಿತ್ತವರ ಕೈಯಲ್ಲಿ ಅವಳು ಮೊಂಡಾಗಿ ಉಳಿಯುತ್ತಾಳೆ. ಗಿರೀಶ ಕಾರ್ನಾಡರು ಇದನ್ನು ‘ಚೆಲುವಿ’ (1992) ಚಿತ್ರವಾಗಿಸಿದರು. ಅವರ ‘ನಾಗಮಂಡಲ’ವೂ ರಾಮಾನುಜನ್ ಹೇಳಿದ ಕತೆಗಳಿಂದಲೇ ಹುಟ್ಟಿದ್ದು. ಅಲ್ಲಿ ಕತೆಯೇ ಹೆಣ್ಣಾಗಿ ರಂಗಕ್ಕೆ ಬಂದು, ತನ್ನನ್ನು ಹೇಗೆ ಮುಗಿಸಬೇಕೆಂದು ಚರ್ಚಿಸುತ್ತದೆ. ನಾಗ ಸಾಯಬೇಕೋ, ನಾಯಕಿ ರಾಣಿಯ ಮುಡಿಯಲ್ಲಿ ಬದುಕಬೇಕೋ? ಒಂದು ಕೊನೆ ಒಪ್ಪಿಗೆಯಾಗದೆ ಇನ್ನೊಂದು ಬರುತ್ತದೆ. ನಮ್ಮ ಪರಂಪರೆಯ ಹಳೆಯ ಕೊರತೆಯನ್ನೇ ನಾಟಕದ ವಸ್ತುವಾಗಿಸಿದ ಜಾಣತನ ಅದು.

ಹೊಸಗನ್ನಡದ ದೊಡ್ಡವರೂ ಕೊನೆಗಳನ್ನು ತಿದ್ದಿದ್ದಾರೆ. ಕುವೆಂಪು ‘ಶ್ರೀರಾಮಾಯಣ ದರ್ಶನಂ’ನಲ್ಲಿ (1949) ಸೀತೆಯೊಡನೆ ರಾಮನನ್ನೂ ಅಗ್ನಿಗೆ ಇಳಿಸಿದರು. ವೈದೇಹಿ ಸಣ್ಣಕತೆಯೊಂದರಲ್ಲಿ ಶಕುಂತಲೆಗೆ ತನ್ನ ಪಾಲಿನ ಮಾತು ಆಡಲು ಜಾಗ ಕೊಟ್ಟರು. ಇವೆಲ್ಲ ದೊಡ್ಡವರ ಓದು. ಮಕ್ಕಳ ಸಾಹಿತ್ಯ ಈಚೆಗೆ ಹುರುಪಿನಲ್ಲಿದೆ. ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ (2022), ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ (2023), ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’ (2024) ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ ಪಡೆದಿವೆ. ಈ ಎರಡರ ನಡುವೆ, ಹೈಸ್ಕೂಲು ಮುಗಿಸಿ ಪಿಯುಸಿಗೆ ಕಾಲಿಟ್ಟ ಮುಂಡರಗಿಯ ಹುಡುಗಿಗೆ ಕನ್ನಡದಲ್ಲಿ ಏನಿದೆ? ಪಠ್ಯದಲ್ಲಿ ದ್ರೌಪದಿಯ ನಾಲ್ಕು ಪದ್ಯ, ಟಿವಿಯಲ್ಲಿ ಡಬ್ಬಿಂಗ್ ಪುರಾಣ. ಇಂಗ್ಲಿಷ್ ಬಂದವರು ಇಂಗ್ಲಿಷಿಗೆ ಹೋಗುತ್ತಾರೆ, ಬಾರದವರು ಓದನ್ನೇ ಬಿಡುತ್ತಾರೆ.

ಈ ಖಾಲಿಯನ್ನು ಅನುವಾದದಿಂದಷ್ಟೇ ತುಂಬಲಾಗದು. ತುಂಬಿದರೆ ಅಚ್ಚಿನ ಕತ್ತಿವರಸೆಯೇ ಬಂದೀತು. ಬರೆಯುವವರ ಮುಂದಿರುವ ಕೆಲಸ ಖಚಿತವಾಗಿದೆ. ಸೈರಂಧ್ರಿಯ ಮಾತು, ಚಿತ್ರಲೇಖೆಯ ಕುಂಚ, ಅನಂತಮತಿಯ ಹಟ ಇವನ್ನು ಹಾಗೆಯೇ ಇಟ್ಟುಕೊಳ್ಳಲಿ. ಅವು ಯಾವ ಬಿಲ್ಲಿಗಿಂತ ಕಡಿಮೆಯಲ್ಲ. ಕೊನೆಯನ್ನು ಮಾತ್ರ ಯುದ್ಧಕ್ಕೂ ಮದುವೆಗೂ ಮಠಕ್ಕೂ ಒಪ್ಪಿಸದೆ ಹುಡುಗಿಯ ತೀರ್ಮಾನಕ್ಕೆ ಬಿಡಲಿ, ಆ ತೀರ್ಮಾನ ತಪ್ಪಾಗುವ ಹಕ್ಕೂ ಅವಳಿಗಿರಲಿ. ಪುಸ್ತಕ ತಲುಪಿಸುವ ಮಾದರಿಗೂ ದೂರ ಹೋಗಬೇಕಿಲ್ಲ. 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಮಾಡಿಸಿ ಹಂಚಿದವಳು. ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ 2020ರಿಂದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಕಪಾಟೂ ಇದೆ, ಓದುವವಳೂ ಇದ್ದಾಳೆ. ಕೊನೆಯವರೆಗೂ ತನ್ನ ಕತೆಯಲ್ಲೇ ಉಳಿಯುವ ನಾಯಕಿಯನ್ನು ಕೊಡುವ ಹೊಣೆ ಈಗ ಲೇಖಕರದು.