ಬೀಸುಕಲ್ಲು ಐತಿ, ಚಿಗರಿ ಇಲ್ಲ

ರಜೆಯ ಮುಂಜಾನೆ ಗೋಕಾಕ ಫಾಲ್ಸ್ ಹತ್ತಿರ ಕೂತು ‘ಹಲಗಲಿ ಬೇಡರು’ ಲಾವಣಿ ಮತ್ತೆ ಓದಿದೆ. ಹಲಗಲಿ ಇಲ್ಲಿಂದ ಪೂರ್ವಕ್ಕೆ, ಮುಧೋಳದ ಕಡೆ. 1857ರಲ್ಲಿ ಕಂಪನಿ ಸರ್ಕಾರ ಹತಾರ ಒಪ್ಪಿಸಿ ಅಂತು, ಬೇಡರು ಒಪ್ಪಲಿಲ್ಲ. ಹತಾರ ಹೋದರೆ ಜೀವ ಹೋದಂಗ ಅನ್ನೋದು ಲಾವಣಿಯಲ್ಲಿದೆ, ಯಾಕೆ ಅನ್ನೋದಿಲ್ಲ. ನಾವೋ ‘ಸ್ವಾತಂತ್ರ್ಯ ಹೋರಾಟ’ ಅಂತ ಷರಾ ಬರೆದು ಮುಗಿಸ್ತೀವಿ.

ಬೇಡರಿಗೆ ಬಂದೂಕು ಅಂದ್ರೆ ಮೊದಲು ಬೇಟೆ, ಊಟ. ನಳಿಗೆಯ ಬಾಯಿಗೆ ಮದ್ದು ಸುರಿದು, ಗುಂಡು ಹಾಕಿ, ಸಲಾಕೆಯಿಂದ ಜಡೀಬೇಕು. ಒಂದೇಟು ತಪ್ಪಿದರೆ ಚಿಗರಿ ಗುಡ್ಡ ದಾಟಿರುತ್ತೆ. ಅಂಥದ್ದನ್ನ ಹಿಡಿದು ದಂಡಿನೆದುರು ನಿಂತರು. ಲೂಟಿಯಾದ ಬೀಸುಕಲ್ಲನ್ನೂ ಲೆಕ್ಕ ಇಟ್ಟ ಲಾವಣಿಕಾರ ಬೇಟೆಯ ಒಂದು ಮುಂಜಾವನ್ನೂ ಕಟ್ಟಲಿಲ್ಲ. ಅಲ್ಲೇ ಹತ್ತಿರದ ಯಡಹಳ್ಳಿ ಈಗ ಚಿಂಕಾರ ಅಭಯಾರಣ್ಯ. ಚಿಗರಿ ಹೊಡೆದರೆ ಜೈಲು, ಸರೀನೇ. ಪದ್ಯದೊಳಗಾದರೂ ಒಂದು ಓಡಬೇಕಿತ್ತು.