‘ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ’: ಕಾಲೇಜಿನ ಸಂದೇಶವೊಂದರ ಸಾಲು ಸಾಲು ಅರ್ಥ

ಪಿಯುಸಿ ಎರಡನೇ ವರ್ಷದ ಫಲಿತಾಂಶ ಬಂತೆಂದರೆ ಬೆಳಗಾವಿ ಜಿಲ್ಲೆಯ ನಮ್ಮ ಉಗರಗೋಳದ ಮನೆಗಳ ಮೊಬೈಲಿಗೂ ಊರೂರ ಕಾಲೇಜುಗಳ ಸಂದೇಶಗಳು ಬರತೊಡಗುತ್ತವೆ. ಹೆಚ್ಚಿನವುಗಳ ಒಕ್ಕಣೆ ಒಂದೇ. ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಸಾಲುಗಳನ್ನು ಒಂದೆಡೆ ತಂದು ಇಲ್ಲಿ ಬಿಡಿಸಿದ್ದೇನೆ. ಮನೆತನದಲ್ಲೇ ಮೊದಲ ಸಲ ಕಾಲೇಜಿಗೆ ಹೊರಟ ಮಕ್ಕಳು, ಅವರ ಅವ್ವ-ಅಪ್ಪ ಇದನ್ನು ಓದಬೇಕೆಂಬುದು ನನ್ನ ಆಸೆ.

‘ಅಭಿನಂದನೆಗಳು! ನಮ್ಮ ಕಾಲೇಜಿಗೆ ನೀವು ಆಯ್ಕೆಯಾಗಿದ್ದೀರಿ.’

ಅರ್ಜಿ ಹಾಕದವರನ್ನು ಯಾರೂ ಆಯ್ಕೆ ಮಾಡುವುದಿಲ್ಲ. ಕೋಚಿಂಗ್ ಕ್ಲಾಸಿನ ಫಾರ್ಮಿನಲ್ಲೋ ಶೈಕ್ಷಣಿಕ ಮೇಳದ ಮಳಿಗೆಯಲ್ಲೋ ಬರೆದುಕೊಟ್ಟ ನಂಬರು ಕೈಯಿಂದ ಕೈಗೆ ದಾಟಿ ಆ ಕಾಲೇಜನ್ನು ಮುಟ್ಟಿರಬಹುದು, ಅಷ್ಟೆ.

‘ಯುಜಿಸಿ ಮಾನ್ಯತೆ, ನ್ಯಾಕ್ ಎ ಪ್ಲಸ್.’

ಇಲ್ಲಿ ನಿಧಾನಿಸಬೇಕು. 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ ಪ್ರಕಾರ ಪದವಿ ಕೊಡುವ ಅಧಿಕಾರ ವಿಶ್ವವಿದ್ಯಾಲಯದ್ದು. ಅದಕ್ಕೆ ಸೇರಿದ ಕಾಲೇಜಿನದಲ್ಲ. ಹಾಗಾಗಿ ಮೊದಲು ಕೇಳಬೇಕಾದದ್ದು ಸರ್ಟಿಫಿಕೇಟಿನ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿರುತ್ತದೆ ಎಂದು. ನಮ್ಮ ಜಿಲ್ಲೆಯ ಬಿಎ, ಬಿಕಾಂ ಕಾಲೇಜುಗಳು ಸಾಮಾನ್ಯವಾಗಿ 2010ರಲ್ಲಿ ಆರಂಭವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರುತ್ತವೆ. ಇಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು). ನರ್ಸಿಂಗ್ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಪಟ್ಟಿಯ ಜೊತೆಗೆ ನರ್ಸಿಂಗ್ ಕೌನ್ಸಿಲ್ ಪಟ್ಟಿಯನ್ನೂ ನೋಡಬೇಕು. ಇದು ಅತಿಯಾದ ಅನುಮಾನವಲ್ಲ. ಯುಜಿಸಿ ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ನಮ್ಮದೇ ಜಿಲ್ಲೆಯ ಗೋಕಾಕದ ‘ವರ್ಲ್ಡ್ ಓಪನ್ ಯೂನಿವರ್ಸಿಟಿ’ ಎಂಬ ಹೆಸರಿನ ಸಂಸ್ಥೆಯೊಂದು ವರ್ಷಗಟ್ಟಲೆ ಇತ್ತು. ಇನ್ನು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಕೊಡುವ ಶ್ರೇಣಿ ಇಡೀ ಸಂಸ್ಥೆಗೆ, ಅದೂ ನಿಗದಿತ ಅವಧಿಗೆ ಸಿಗುವಂಥದ್ದು. ಇಂಜಿನಿಯರಿಂಗಿನಲ್ಲಿ ಒಂದೊಂದು ವಿಭಾಗದ ಮಾನ್ಯತೆಯನ್ನು ಪರಿಶೀಲಿಸುವುದು ಎನ್‌ಬಿಎ ಎಂಬ ಬೇರೆ ಮಂಡಳಿ.

‘100% ಪ್ಲೇಸ್‌ಮೆಂಟ್.’

ಯಾವ ನೂರರಲ್ಲಿ ನೂರು? ಪ್ರವೇಶ ಪಡೆದವರಲ್ಲೋ, ಪಾಸಾದವರಲ್ಲೋ, ಸಂದರ್ಶನಕ್ಕೆ ಹೆಸರು ಕೊಟ್ಟವರಲ್ಲೋ? ಕಳೆದ ವರ್ಷ ನೀವು ಸೇರಬೇಕೆಂದಿರುವ ವಿಭಾಗದಲ್ಲಿ ಎಷ್ಟು ಜನರಿಗೆ ಎಷ್ಟು ಸಂಬಳದ ಕೆಲಸ ಸಿಕ್ಕಿತು ಎಂದು ಬರಹದಲ್ಲಿ ಕೇಳಿ.

‘50% ಸ್ಕಾಲರ್‌ಶಿಪ್.’

ಶುಲ್ಕ ಇಷ್ಟೆಂದು ಬರೆಯುವುದೂ ಅರ್ಧ ಬಿಟ್ಟೆವೆನ್ನುವುದೂ ಒಂದೇ ಕೈ. ರಿಯಾಯಿತಿ ಮೊದಲ ವರ್ಷಕ್ಕೆ ಮಾತ್ರವೇ, ಹಾಸ್ಟೆಲ್ಲು, ಬಸ್ಸು, ಪರೀಕ್ಷಾ ಶುಲ್ಕ ಬೇರೆಯೇ ಎಂದು ಕೇಳಿ, ಕೋರ್ಸು ಮುಗಿಯುವವರೆಗಿನ ಒಟ್ಟು ಮೊತ್ತ ಬರೆಸಿಕೊಳ್ಳಿ. ಸರ್ಕಾರದ ವಿದ್ಯಾರ್ಥಿವೇತನದ ದಾರಿ ಬೇರೆ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದರೆ ಅರ್ಹರಿಗೆ ಬರುತ್ತದೆ. ಅದು ಯಾವ ಕಾಲೇಜಿನ ಕೊಡುಗೆಯೂ ಅಲ್ಲ.

‘ಸಿಇಟಿ ಬೇಡ, ನೇರ ಪ್ರವೇಶ. ಕೆಲವೇ ಸೀಟು ಬಾಕಿ.’

ಸಿಇಟಿ ಸರ್ಕಾರದ ಸಾಮಾನ್ಯ ಪ್ರವೇಶ ಪರೀಕ್ಷೆ; ಇಂಜಿನಿಯರಿಂಗಿನಲ್ಲಿ ಅದು ಬೇಡವೆಂದರೆ ಮ್ಯಾನೇಜ್‌ಮೆಂಟ್ ಸೀಟು, ಅಂದರೆ ಸರ್ಕಾರಿ ಕೋಟಾಕ್ಕಿಂತ ಹೆಚ್ಚಿನ ಶುಲ್ಕ. ಆ ಶುಲ್ಕದ ಮೇಲೆ ರಸೀದಿಯಿಲ್ಲದೆ ಡೊನೇಷನ್ ಕೇಳಿದರೆ, ಅದನ್ನು ತಡೆಯಲೆಂದೇ ಕರ್ನಾಟಕದಲ್ಲಿ 1984ರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಇದೆ. ‘ಕೆಲವೇ ಸೀಟು’ ಎಂಬ ಆತುರಕ್ಕೆ ಬಿದ್ದು ಯಾರೂ ಸಾಲ ಮಾಡಬಾರದು.

‘ಮೂಲ ಅಂಕಪಟ್ಟಿ, ಮುಂಗಡ ಹಣದೊಂದಿಗೆ ನಾಳೆಯೇ ಬನ್ನಿ.’

ಅಂಕಪಟ್ಟಿ ತೋರಿಸಿ, ಜೆರಾಕ್ಸ್ ಕೊಡಿ. ಮೂಲ ಪ್ರತಿ ಬಿಟ್ಟುಬರಬೇಡಿ. ಮೂಲ ದಾಖಲೆಗಳನ್ನು ಸಂಸ್ಥೆಗಳು ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಕಾಗದ ಅವರ ಕಪಾಟಿನಲ್ಲಿ ಉಳಿದರೆ ಮಗು ಮನಸ್ಸು ಬದಲಿಸಿದರೂ ಬೇರೆ ಕಾಲೇಜಿಗೆ ಹೋಗಲಾಗುವುದಿಲ್ಲ.

ಬರೆಯದೆ ಬಿಟ್ಟ ಸಾಲು.

ನನಗೆ ಎಲ್ಲಕ್ಕಿಂತ ಹೆಚ್ಚು ನೋವು ತರುವುದು ಇದು. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿ ಮೂಲಕ ಹಂಚುವ ಸರ್ಕಾರಿ ಕೋಟಾದಲ್ಲಿ 15% ಗ್ರಾಮೀಣ ಮೀಸಲಾತಿ ಇದೆ; ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5% ಇದೆ. ಉಗರಗೋಳದ ಶಾಲೆಯಲ್ಲಿ ಕಲಿತ ಎಷ್ಟೋ ಹುಡುಗ ಹುಡುಗಿಯರು ಎರಡಕ್ಕೂ ಅರ್ಹರು. ನೇರ ಪ್ರವೇಶದಲ್ಲಿ ಈ ಹಕ್ಕು ಕೈಬಿಟ್ಟಂತೆಯೇ. ಅದನ್ನು ಕೋರಬೇಕಾದದ್ದು ಸಿಇಟಿ ಅರ್ಜಿ ತುಂಬುವಾಗ, ಅಂದರೆ ಫಲಿತಾಂಶಕ್ಕೆ ತಿಂಗಳುಗಳ ಮೊದಲು. ನಮ್ಮ ಪಿಯು ಉಪನ್ಯಾಸಕರು ಇದನ್ನು ಎರಡನೇ ವರ್ಷದ ಆರಂಭದಲ್ಲೇ ತರಗತಿಯಲ್ಲಿ ಹೇಳಲಿ. ಮಕ್ಕಳು ಆಗಲೇ ಹಳೆಯ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರಿಂದ ವ್ಯಾಸಂಗ ಪ್ರಮಾಣಪತ್ರ ಬರೆಸಿ ತಂದಿಟ್ಟುಕೊಳ್ಳಲಿ.